ಹಾಲಾಗಿತ್ತು, ಹಾಳಾಗಿರಲಿಲ್ಲ

ಮೊಮ್ಮಗಳು ಬಚ್ಚಲುಮನೆಯಿಂದ ಹೊರಗೆ ಬಂದಾಗ ಅವಳ ಮುಖ ಸಪ್ಪಗಿತ್ತು. ಕೈಯಲ್ಲಿ ನೀರು ತೊಟ್ಟಿಕ್ಕುವ ಉದ್ದನೆಯ ಫಿಲ್ಮು. "ತಾತ, ಒಂದೂ ಬಂದಿಲ್ಲ" ಎಂದಳು. ಕನ್ನಡಕ ಸರಿಮಾಡಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಿಜವೇ. ಮೂವತ್ತಾರು ಚಿತ್ರ ಇರಬೇಕಾದ ಜಾಗದಲ್ಲಿ ಎಳೆ ಬೂದುಬಣ್ಣದ ಖಾಲಿ ಪ್ಲಾಸ್ಟಿಕ್ಕು.

ದಸರಾ ರಜೆಗೆ ಬಂದಿದ್ದ ಒಂಬತ್ತನೇ ತರಗತಿಯ ಹುಡುಗಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ನನ್ನ ಹಳೆಯ ಯಾಶಿಕಾ ಕ್ಯಾಮೆರಾ ಕಂಡದ್ದೇ ತಡ, ಅದರ ಬೆನ್ನು ಬಿಡಲಿಲ್ಲ. ಈಗಲೂ ಕಪ್ಪುಬಿಳುಪು ಫಿಲ್ಮು ಮಾರಾಟಕ್ಕಿದೆ ಎಂದು ನನಗೆ ಹೇಳಿಕೊಟ್ಟವಳೂ ಅವಳೇ. ಇಲ್ಫೋರ್ಡ್ ಎಚ್‌ಪಿ5 ಎರಡು ರೋಲು ತರಿಸಿದೆವು. ತೊಳೆಯುವುದಕ್ಕೆ ಬೆಂಗಳೂರಿಗೆ ಕಳಿಸೋಣ ಎಂದು ಮಗ ಹೇಳಿದ. ನಾನು ಜಂಭದಿಂದ, "ನಾನಿಲ್ಲವೇ? ಮನೆಯಲ್ಲೇ ತೊಳೆಯೋಣ" ಎಂದುಬಿಟ್ಟೆ. ಜಂಭದ ಫಲ ಈಗ ಅವಳ ಕೈಯಲ್ಲಿ ತೊಟ್ಟಿಕ್ಕುತ್ತಿತ್ತು.

"ನಾನೇ ಏನೋ ತಪ್ಪು ಮಾಡಿದೆ" ಎಂದು ಅವಳು ಅಳುವ ಹಾಗಾದಳು. ನಾನು ಹೇಳಿದೆ, "ತಪ್ಪು ಯಾರದು ಅಂತ ಆಮೇಲೆ. ತಪ್ಪು ಎಲ್ಲಿ ಅಂತ ಮೊದಲು ನೋಡೋಣ."

ಇದು ಬ್ಯಾಂಕಿನ ಅಭ್ಯಾಸ. ಕಂಪ್ಯೂಟರ್ ಬರುವುದಕ್ಕೆ ಮುಂಚೆ ಸಂಜೆ ಲೆಕ್ಕ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಎಂಟಾಣೆ ವ್ಯತ್ಯಾಸಕ್ಕೆ ರಾತ್ರಿ ಹತ್ತರವರೆಗೆ ಕೂತದ್ದಿದೆ. ಆದರೆ ಲೆಡ್ಜರನ್ನೆಲ್ಲ ಮೊದಲಿನಿಂದ ಕೂಡುವವನು ದಡ್ಡ ಗುಮಾಸ್ತ. ಬಲ್ಲವನು ಮೊದಲು ವ್ಯತ್ಯಾಸದ ಅಂಕಿಯನ್ನೇ ನೋಡುತ್ತಾನೆ. ಅದು 9ರಿಂದ ನಿಶ್ಶೇಷವಾಗಿ ಭಾಗವಾದರೆ ಯಾರೋ ಅಂಕಿಗಳನ್ನು ತಿರುಗುಮುರುಗು ಬರೆದಿರಬಹುದು. 540ಕ್ಕೆ 450 ಬರೆದರೆ ವ್ಯತ್ಯಾಸ 90. (ಮಕ್ಕಳೇ, ಬೇರೆ ಯಾವ ಸಂಖ್ಯೆಯನ್ನಾದರೂ ತಿರುಗಿಸಿ ಕಳೆದು ನೋಡಿ.) 9ರಿಂದ ಭಾಗವಾಗದೆ 2ರಿಂದ ಭಾಗವಾದರೆ, ಅದರ ಅರ್ಧದಷ್ಟು ಮೊತ್ತ ಜಮೆಗೆ ಹೋಗುವ ಬದಲು ಖರ್ಚಿಗೆ ಹೋಗಿದೆಯೇ ಎಂದು ಹುಡುಕಬೇಕು. ತಪ್ಪು ತನ್ನ ಗುರುತು ತಾನೇ ಬಿಟ್ಟುಹೋಗಿರುತ್ತದೆ. ಫಿಲ್ಮಿನಲ್ಲೂ ಹಾಗೆಯೇ.

ಮೊದಲು ಫಿಲ್ಮು ತೊಳೆಯುವುದು ಎಂದರೇನು ಎಂದು ನಾಲ್ಕು ಮಾತು ಹೇಳಬೇಕು. ಫಿಲ್ಮಿನ ಮೇಲೆ ಜೆಲಟಿನ್ ಎಂಬ ಅಂಟಿನಲ್ಲಿ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳುಗಳಿರುತ್ತವೆ. ಕ್ಯಾಮೆರಾದಲ್ಲಿ ಬೆಳಕು ಬಿದ್ದ ಹರಳುಗಳನ್ನು ಡೆವಲಪರ್ ಎಂಬ ದ್ರಾವಣ ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಬೆಳಕು ಬೀಳದ ಹರಳುಗಳು ಹಾಗೆಯೇ ಉಳಿಯುತ್ತವೆ. ಅವನ್ನು ಕರಗಿಸಿ ತೆಗೆಯುವುದು ಎರಡನೆಯ ದ್ರಾವಣ, ಹೈಪೊ. ಆಮೇಲೆ ನೀರಿನಲ್ಲಿ ತೊಳೆದು ಒಣಗಿಸಿದರೆ ನೆಗೆಟಿವ್ ಸಿದ್ಧ. ಆಕಾಶ ಕಪ್ಪು, ತಲೆಗೂದಲು ಬಿಳಿ, ಎಲ್ಲ ತಿರುಗುಮುರುಗು. ಫಿಲ್ಮನ್ನು ಸುರುಳಿಗೆ ಸುತ್ತಿ ಡಬ್ಬಿಗೆ ಹಾಕಿ ಮುಚ್ಚುವವರೆಗೆ ಮಾತ್ರ ಕಗ್ಗತ್ತಲು ಬೇಕು. ಸಿನಿಮಾಗಳಲ್ಲಿ ತೋರಿಸುವ ಕೆಂಪು ದೀಪದ ಕೋಣೆ ಕಾಗದದ ಮೇಲೆ ಪ್ರಿಂಟ್ ಹಾಕುವುದಕ್ಕೆ. ಈ ಫಿಲ್ಮಿಗೆ ಆ ದೀಪವೂ ಆಗದು. ರಾತ್ರಿ ಬಚ್ಚಲುಮನೆಯ ಬಾಗಿಲ ಸಂದಿಗೆ ಕಂಬಳಿ ತುರುಕಿ, ಕೈಗಡಿಯಾರ ಬಿಚ್ಚಿಟ್ಟು (ಮುಳ್ಳಿಗೆ ರೇಡಿಯಂ ಬಳಿದ ಹಳೆಯ ಗಡಿಯಾರದ ಬೆಳಕೂ ಫಿಲ್ಮಿಗೆ ತಾಗುತ್ತದೆ) ಕೆಲಸ ಮಾಡಿದ್ದೆವು.

ಈಗ ಖಾಲಿ ಫಿಲ್ಮಿಗೆ ಬರೋಣ. "ಅಂಚಿನಲ್ಲಿ ಏನಾದರೂ ಬರೆದಿದೆಯಾ ನೋಡು" ಎಂದೆ. ಫಿಲ್ಮಿನ ಅಂಚಿನಲ್ಲಿ 1, 2, 3 ಎಂದು ಅಂಕಿಗಳೂ ಕಂಪನಿಯ ಹೆಸರೂ ಇರಬೇಕು. ಅದು ಮಸಿಯಲ್ಲಿ ಅಚ್ಚು ಹಾಕಿದ್ದಲ್ಲ, ಕಾರ್ಖಾನೆಯಲ್ಲಿ ಬೆಳಕಿನಿಂದಲೇ ಬರೆದದ್ದು. ನಾವು ಡೆವಲಪರ್ ಹಾಕಿದ ಮೇಲೆಯೇ ಕಪ್ಪಾಗಿ ಕಾಣಿಸಿಕೊಳ್ಳುತ್ತದೆ. ಅಂಚಿನ ಅಂಕಿ ಚೆನ್ನಾಗಿ ಮೂಡಿ ನಡುವೆ ಚಿತ್ರ ಇಲ್ಲದಿದ್ದರೆ ತಪ್ಪು ಕ್ಯಾಮೆರಾದಲ್ಲಿ: ಫಿಲ್ಮು ಸುತ್ತಿಕೊಳ್ಳಲೇ ಇಲ್ಲ, ಅಥವಾ ಶಟರ್ ತೆರೆಯಲಿಲ್ಲ. ಅಂಕಿಯೂ ಇಲ್ಲ, ಚಿತ್ರವೂ ಇಲ್ಲ ಎಂದರೆ ತಪ್ಪು ತೊಳೆದವರದು: ಹೈಪೊ ಮೊದಲು ಸುರಿದಿರಬೇಕು, ಇಲ್ಲವೇ ಡೆವಲಪರ್ ಸತ್ತಿರಬೇಕು. ಚಿತ್ರ ತೆಳುವಾಗಿದ್ದರೂ ಇದೇ ಪರೀಕ್ಷೆ. ಅಂಕಿ ದಟ್ಟವಾಗಿದ್ದು ಚಿತ್ರ ತೆಳುವಾದರೆ ಕ್ಯಾಮೆರಾದಲ್ಲಿ ಬೆಳಕು ಸಾಲಲಿಲ್ಲ. ಎರಡೂ ತೆಳುವಾದರೆ ಡೆವಲಪರಿನಲ್ಲಿ ಹೊತ್ತು ಸಾಲಲಿಲ್ಲ.

ನಮ್ಮದರಲ್ಲಿ ಅಂಚೂ ಖಾಲಿ. ಕ್ಯಾಮೆರಾ ನಿರ್ದೋಷಿ, ಮೊಮ್ಮಗಳೂ ನಿರ್ದೋಷಿ. ಫಿಲ್ಮಿನ ತುದಿಯಿಂದ ಮೊದಲೇ ಕತ್ತರಿಸಿಟ್ಟಿದ್ದ, ಬೆಳಕು ತಿಂದ ಚೂರೊಂದನ್ನು ಡೆವಲಪರಿನ ಬಟ್ಟಲಿಗೆ ಹಾಕಿದೆ. ದ್ರಾವಣ ಜೀವಂತವಾಗಿದ್ದರೆ ಆ ಚೂರು ಕೆಲವೇ ನಿಮಿಷಗಳಲ್ಲಿ ಇದ್ದಿಲಿನಂತೆ ಕಪ್ಪಾಗಬೇಕು. ಹತ್ತು ನಿಮಿಷವಾದರೂ ಅದು ಹಾಗೆಯೇ ತೇಲುತ್ತಿತ್ತು. ಆಗ ನನಗೆ ಜ್ಞಾಪಕ ಬಂತು: ಪುಡಿ ತರಿಸಿ ಆ ಡೆವಲಪರನ್ನು ನಾನು ಕದಡಿಟ್ಟದ್ದು ಯುಗಾದಿಯ ಹೊತ್ತಿಗೆ. ಅರ್ಧ ಖಾಲಿಯಾದ ಬಾಟಲಿಯಲ್ಲಿ ಗಾಳಿ ತಾಗಿ ಚಹಾದ ಬಣ್ಣಕ್ಕೆ ತಿರುಗಿತ್ತು. ಬಾಟಲಿ ತುಂಬಿ ಮುಚ್ಚಿಟ್ಟಿದ್ದರೆ ಆರು ತಿಂಗಳು, ಅರ್ಧ ಬಾಟಲಿಯಾದರೆ ಎರಡು ತಿಂಗಳು ಎಂಬುದು ಗೊತ್ತಿದ್ದೂ ದುಡ್ಡು ಉಳಿಸಲು ಹೋಗಿದ್ದೆ.

"ಹಾಗಾದರೆ ತಪ್ಪು ಯಾರದು?" ಎಂದು ಅವಳು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಅಡುಗೆಮನೆಯಿಂದ ನನ್ನ ಹೆಂಡತಿ, "ಇನ್ಯಾರದು, ನಿಮ್ಮ ತಾತನದೇ. ಆ ಕಷಾಯವನ್ನು ಜ್ಯೂಸ್ ಬಾಟಲಿಯಲ್ಲಿ ಬೇರೆ ಇಟ್ಟಿದ್ದರು" ಎಂದಳು. ಆ ಮಾತು ನೂರಕ್ಕೆ ನೂರು ಸರಿ. ನನ್ನ ವಯಸ್ಸಿನವರು ಯಾರಾದರೂ ಮೊಮ್ಮಕ್ಕಳೊಂದಿಗೆ ಈ ಕೆಲಸಕ್ಕೆ ಕೈಹಾಕುವುದಾದರೆ, ಕುಡಿಯುವ ಬಾಟಲಿ, ಅಡುಗೆಯ ಪಾತ್ರೆ ಮುಟ್ಟಬೇಡಿ. ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ಹೆಸರೂ ತಾರೀಖೂ ಬರೆಯಿರಿ. ಪುಡಿ ಕದಡುವುದು ದೊಡ್ಡವರ ಕೆಲಸ, ಅದೂ ರಬ್ಬರ್ ಕೈಗವಸು ಹಾಕಿಕೊಂಡು. ಡೆವಲಪರಿನಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ಕಜ್ಜಿ ಏಳುತ್ತದೆ.

ಎರಡನೆಯ ರೋಲಿನ ಕಥೆ ಬೇರೆ. ಅದನ್ನು ಅವಳು ತಿಪಟೂರಿನ ಹತ್ತಿರ ನಮ್ಮ ಹಳ್ಳಿಯಲ್ಲಿ ತೆಗೆದಿದ್ದಳು. ಕೊಬ್ಬರಿ ಅಟ್ಟ, ತೆಂಗಿನ ತೋಟ, ಜಗಲಿಯ ಮೇಲೆ ಕೂತ ನನ್ನ ಅಕ್ಕ. ಅಕ್ಕನಿಗೆ ಈಗ ಎಂಬತ್ತಮೂರು. ಇವಳೆಂದರೆ ಪ್ರಾಣ, ಕ್ಯಾಮೆರಾ ಹಿಡಿದಿದ್ದಕ್ಕೆ ಹೊಸ ಸೀರೆ ಉಟ್ಟು ಬಂದಿದ್ದಳಂತೆ.

ಈ ಸಲ ಹೊಸ ಪುಡಿಯಿಂದ ಹೊಸ ಡೆವಲಪರ್ ಮಾಡಿದೆವು. ಡಿ-76 ಎಂಬ ಇದರ ಸೂತ್ರ ಸುಮಾರು ನೂರು ವರ್ಷ ಹಳೆಯದು. ಎಪ್ಪತ್ತರ ದಶಕದಲ್ಲಿ ನಾವು ಸಾಮಾನು ಬೇರೆ ಬೇರೆ ತಂದು ತೂಗುತ್ತಿದ್ದೆವು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ; ಮೆಟಾಲ್ ಮೊದಲು ಕರಗಬೇಕು, ಆಮೇಲೆಯೇ ಉಳಿದದ್ದು. ಮಗ್ಗಿಯ ಹಾಗೆ ಇನ್ನೂ ಬಾಯಲ್ಲಿದೆ. ಎಚ್‌ಪಿ5ಕ್ಕೆ ಇದರಲ್ಲಿ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಆದರೆ ನಮ್ಮ ನಲ್ಲಿಯ ನೀರೇ 27 ಡಿಗ್ರಿ ಇತ್ತು. ಬಿಸಿ ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುತ್ತದೆ, ಆದರೆ ಐದು ನಿಮಿಷಕ್ಕಿಂತ ಕಡಿಮೆಯಾದರೆ ಚಿತ್ರ ಒಂದೇ ಸಮನಾಗಿ ಮೂಡುವುದಿಲ್ಲ. ಬಾಟಲಿಯನ್ನು ಮಂಜುಗಡ್ಡೆ ಹಾಕಿದ ಬಕೆಟ್ಟಿನಲ್ಲಿ ನಿಲ್ಲಿಸಿ 24 ಡಿಗ್ರಿಗೆ ಇಳಿಸಿ, ಐದೂಕಾಲು ನಿಮಿಷ ಇಟ್ಟೆವು. ಮಂಜುಗಡ್ಡೆ ಬಕೆಟ್ಟಿಗೆ, ಡೆವಲಪರಿಗಲ್ಲ. ಒಳಗೆ ಹಾಕಿದರೆ ದ್ರಾವಣ ನೀರಾಗುತ್ತದೆ.

ಇಷ್ಟೆಲ್ಲ ಜಾಗ್ರತೆ ಮಾಡಿದವನು ಹೈಪೊದಲ್ಲಿ ಎಡವಿದೆ. ಹರಳು ಹೈಪೊ ತಂದಿದ್ದೆ, ಅದನ್ನು ಅದೇ ಗಳಿಗೆಯಲ್ಲಿ ನೀರಿಗೆ ಹಾಕಿ ಕಲಕಿ ಸುರಿದೆ. ಐದು ನಿಮಿಷಕ್ಕೆ ಮೊಮ್ಮಗಳು ಡಬ್ಬಿ ತೆರೆದಳು. ಸುರುಳಿ ಬಿಚ್ಚಿದರೆ ಫಿಲ್ಮಿನ ಮೇಲೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಮಬ್ಬು. ಹಿಂದೆ ಏನೋ ಚಿತ್ರದ ನೆರಳು ಕಂಡೂ ಕಾಣದ ಹಾಗೆ.

"ಇದೂ ಹಾಳಾಯ್ತು ತಾತ" ಎಂದು ಅದನ್ನು ಮುದುರಿ ಕಸದ ಬುಟ್ಟಿಯ ಕಡೆಗೆ ತಿರುಗಿದಳು. ನಾನು ಅವಳ ಕೈ ಹಿಡಿದುಕೊಂಡೆ. ಸ್ವಲ್ಪ ಬಿಗಿಯಾಗಿಯೇ ಹಿಡಿದಿರಬೇಕು, ಅವಳು ಬೆಚ್ಚಿ ನೋಡಿದಳು.

ಆ ಬುಟ್ಟಿಯ ಹತ್ತಿರ ನಾನು ಒಮ್ಮೆ ಹೋಗಿದ್ದೆ, ಮಕ್ಕಳೇ. 1975ರ ಬೇಸಿಗೆಯಲ್ಲಿ.

ಬ್ಯಾಂಕಿನ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಗೆಳೆಯನಿಂದ ಅಗ್ಫಾ ಕ್ಲಿಕ್ ಥರ್ಡ್ ಕ್ಯಾಮೆರಾ ಎರವಲು ತಂದಿದ್ದೆ. ಬರೋಡಾದಲ್ಲಿ ತಯಾರಾಗುತ್ತಿದ್ದ ಸಾದಾ ಡಬ್ಬಿ ಅದು. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಒಳಗೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮು. ಆ ಕಾರ್ಖಾನೆ ಈಗ ಮುಚ್ಚಿದೆ. ನಮ್ಮ ಅಮ್ಮ ಅದುವರೆಗೆ ಒಂದು ಫೋಟೊಕ್ಕೂ ಕೂತವಳಲ್ಲ. ಫೋಟೊ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಆಗಿನವರ ನಂಬಿಕೆ. ಆವತ್ತು ಅಕ್ಕ ತವರಿಗೆ ಬಂದಿದ್ದಳು. ಜಗಲಿಯ ಮೇಲೆ ಅಮ್ಮನ ಹಿಂದೆ ಕೂತು ತಲೆ ಬಾಚುತ್ತಿದ್ದಳು. ನಾನು ಕ್ಯಾಮೆರಾ ಹಿಡಿದೆ. ಅಮ್ಮ ಬೈಯಲಿಲ್ಲ, "ತೆಗಿಯೋ, ಮಗಳು ಜೊತೆಗಿದ್ದಾಳಲ್ಲ" ಎಂದಳು. ಒಂದೇ ಒಂದು ಚಿತ್ರ ತೆಗೆದೆ.

ನನ್ನ ಹತ್ತಿರ ಡಬ್ಬಿ ಇರಲಿಲ್ಲ. ಕತ್ತಲಲ್ಲಿ ಫಿಲ್ಮಿನ ಎರಡು ತುದಿ ಹಿಡಿದು ತಟ್ಟೆಯ ದ್ರಾವಣದಲ್ಲಿ ಮೇಲೆ ಕೆಳಗೆ ಎಳೆದಾಡಿಸುತ್ತ, ಬಾಯಲ್ಲೇ ಒಂದರಿಂದ ಅರವತ್ತು ಎಣಿಸುತ್ತ ತೊಳೆಯುವುದು. ಹೈಪೊ ಮಾತ್ರ ಪರಿಚಯದ ಸ್ಟುಡಿಯೊ ಒಂದರಿಂದ ಬಿಟ್ಟಿಯಾಗಿ ತಂದದ್ದು, ಅವರು ಎಷ್ಟೋ ರೋಲು ತೊಳೆದು ಬಿಟ್ಟದ್ದು. ದೀಪ ಹಾಕಿದಾಗ ಫಿಲ್ಮು ಹೀಗೆಯೇ ಹಾಲಾಗಿತ್ತು. ಬಿಸಿಲುಕಾಲ, ಸೆಕೆಗೆ ಕೆಟ್ಟುಹೋಯಿತು ಎಂದುಕೊಂಡು ಹಿತ್ತಲ ತಿಪ್ಪೆಗೆ ಎಸೆದೆ. "ಫಿಲ್ಮೇ ಸರಿಯಿರಲಿಲ್ಲ, ಇನ್ನೊಮ್ಮೆ ತೆಗೆಯೋಣ" ಎಂದು ಅಮ್ಮನಿಗೂ ಅಕ್ಕನಿಗೂ ಹೇಳಿದೆ. ಮುಂದಿನ ವರ್ಷ ಶ್ರಾವಣದಲ್ಲಿ ಅಮ್ಮ ತೀರಿಕೊಂಡಳು. ಇನ್ನೊಮ್ಮೆ ಎಂಬುದು ಬರಲಿಲ್ಲ.

ಐದಾರು ವರ್ಷದ ಮೇಲೆ ವರ್ಗವಾಗಿ ಹೋದ ಊರಿನ ಗ್ರಂಥಾಲಯದಲ್ಲಿ ಫೋಟೊಗ್ರಫಿಯ ಪುಸ್ತಕವೊಂದು ಸಿಕ್ಕಿತು. ಕೊನೆಯಲ್ಲಿ ದೋಷಗಳ ಪಟ್ಟಿ. ಫಿಲ್ಮು ಹಾಲಿನಂತೆ ಮಬ್ಬಾಗಿದ್ದರೆ ಎಂಬುದರ ಎದುರಿಗೆ, ಹೈಪೊ ಸಾಲಲಿಲ್ಲ, ಹೊಸ ಹೈಪೊದಲ್ಲಿ ಮತ್ತೆ ಮುಳುಗಿಸಿ ಎಂಬ ಅರ್ಥದ ಒಂದೇ ಸಾಲು. ಅದನ್ನು ನಾಲ್ಕು ಸಲ ಓದಿದೆ. ಅಮ್ಮನ ಚಿತ್ರ ಆ ಹಾಲಿನ ಹಿಂದೆ ಪೂರ್ತಿಯಾಗಿ ಮೂಡಿ ಕೂತಿತ್ತು. ಕರಗದೆ ಉಳಿದ ಬೆಳ್ಳಿಯ ಲವಣದ ತೆರೆ ಮಾತ್ರ ಅಡ್ಡ. ಹತ್ತು ನಿಮಿಷದ ಕೆಲಸ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅಕ್ಕನಿಗೆ ಈ ವಿಷಯ ಹೇಳುವ ಧೈರ್ಯ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆನೇ? ಆಗ ಹೇಳಲಿಲ್ಲ. "ಹೈಪೊ ಮುಟ್ಟಿ ನೋಡು" ಎಂದೆ. ಕೈಗವಸಿನ ಬೆರಳದ್ದಿ, "ಫ್ರಿಜ್ಜಿನಿಂದ ತೆಗೆದ ಹಾಗಿದೆ!" ಎಂದಳು. ಹೈಪೊ ಹರಳು ಕರಗುವಾಗ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ, ಮಂಜುಗಡ್ಡೆಯ ಅಗತ್ಯವೇ ಇಲ್ಲದೆ ನೀರು ಕೊರೆಯತೊಡಗುತ್ತದೆ. ತಣ್ಣನೆಯ ಹೈಪೊ ಸೋಮಾರಿ, ಐದು ನಿಮಿಷದಲ್ಲಿ ಅರ್ಧ ಕೆಲಸವನ್ನೂ ಮಾಡಿರಲಿಲ್ಲ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು 24 ಡಿಗ್ರಿಗೆ ತಂದು, ಫಿಲ್ಮನ್ನು ದೀಪದ ಬೆಳಕಿನಲ್ಲೇ ಮತ್ತೆ ಮುಳುಗಿಸಿದೆವು. (ಡೆವಲಪರಿನ ಕೆಲಸ ಅಷ್ಟುಹೊತ್ತಿಗೆ ನಿಂತಿರುತ್ತದೆ, ಸ್ವಲ್ಪ ಹೊತ್ತು ಬೆಳಕು ಬಿದ್ದರೆ ಚಿಂತೆಯಿಲ್ಲ. ಆದರೆ ಹಾಗೆಯೇ ದಿನಗಟ್ಟಲೆ ಬಿಟ್ಟರೆ ಕಪ್ಪಾಗತೊಡಗುತ್ತದೆ.) ಮೊಮ್ಮಗಳು ಕಣ್ಣು ಕೀಳದೆ ನೋಡುತ್ತಿದ್ದಳು. ಬೆಳಗಿನ ಮಂಜು ಸರಿದು ತೋಟ ಕಾಣುವ ಹಾಗೆ ಅಂಚಿನಿಂದ ಹಾಲು ಕರಗುತ್ತ ಬಂತು. ಮೊದಲು ಅಂಕಿಗಳು, ಆಮೇಲೆ ತೆಂಗಿನಮರ, ಆಮೇಲೆ ಜಗಲಿಯ ಕಂಬ. "ಅಜ್ಜಿ ಬಂದ್ರು!" ಎಂದು ಕೂಗಿದಳು. ಹಾಲು ಪೂರ್ತಿ ಹೋಗಲು ಎಷ್ಟು ಹೊತ್ತು ಹಿಡಿಯಿತೋ ಇನ್ನೂ ಅಷ್ಟು ಹೊತ್ತು ಫಿಲ್ಮನ್ನು ಹೈಪೊದಲ್ಲಿ ಬಿಡಬೇಕು. ಮುಂದಿನ ಸಲ ಒಂದು ಚೂರನ್ನು ಮೊದಲೇ ಹೈಪೊಗೆ ಹಾಕಿ, ಅದು ತಿಳಿಯಾಗುವ ಸಮಯವನ್ನು ಎಣಿಸಿ, ಅದರ ಎರಡರಷ್ಟು ಇಡಬೇಕೆಂದು ಅವಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಎಳೆ ನೇರಳೆ ಛಾಯೆ ಉಳಿದಿದ್ದರೆ ಹೆದರಬೇಕಾಗಿಲ್ಲ, ಅದು ಫಿಲ್ಮಿನಲ್ಲಿ ಸೇರಿಸಿರುವ ಬಣ್ಣ. ಇನ್ನಷ್ಟು ತೊಳೆದರೆ ಹೋಗುತ್ತದೆ.

ಹೈಪೊದ ಈ ಗುಣ ಕಂಡುಹಿಡಿದವರು ಇಂಗ್ಲೆಂಡಿನ ಜಾನ್ ಹರ್ಷೆಲ್, 1819ರಲ್ಲಿ. ಆಗ ಫೋಟೊಗ್ರಫಿ ಎಂಬುದೇ ಇರಲಿಲ್ಲ. 1839ರಲ್ಲಿ ಫೋಟೊ ತೆಗೆಯುವ ವಿದ್ಯೆ ಹೊರಬಿದ್ದು, ತೆಗೆದ ಚಿತ್ರ ಮತ್ತೆ ಬೆಳಕಿಗೆ ಕಪ್ಪಾಗದಂತೆ ಉಳಿಸುವುದು ಹೇಗೆಂದು ಎಲ್ಲರೂ ಒದ್ದಾಡುತ್ತಿದ್ದಾಗ ಇಪ್ಪತ್ತು ವರ್ಷದ ಹಿಂದಿನ ತಮ್ಮ ಪ್ರಯೋಗವನ್ನು ನೆನಪಿಸಿಕೊಂಡವರೂ ಅವರೇ.

ನಮ್ಮ ರೋಲಿನಲ್ಲಿ ಬೇರೆ ದೋಷಗಳೂ ಇದ್ದವು, ಮುಚ್ಚಿಡುವುದಿಲ್ಲ. ಎರಡು ಕಡೆ ಉಗುರಿನಾಕಾರದ ಅರ್ಧಚಂದ್ರ: ಕತ್ತಲಲ್ಲಿ ಸುತ್ತುವಾಗ ಫಿಲ್ಮು ಬೆರಳಿನ ಕೆಳಗೆ ಮಡಿಚಿದ್ದು. ಒಂದು ಕಡೆ ಸುರುಳಿಯ ಎರಡು ಸುತ್ತು ಒಂದಕ್ಕೊಂದು ಅಂಟಿ ಚಿತ್ರವೇ ಇಲ್ಲದ ಕಲೆ. ಹಾಳಾದ ಮೊದಲ ರೋಲಿಗೆ ಈಗ ಉಪಯೋಗ ಬಂತು. ಅದನ್ನೇ ಹಗಲಲ್ಲಿ ಹತ್ತು ಸಲ, ಕಣ್ಣು ಮುಚ್ಚಿ ಹತ್ತು ಸಲ ಸುತ್ತಿ ಅಭ್ಯಾಸ ಮಾಡಿದಳು. ಪ್ಲಾಸ್ಟಿಕ್ ಸುರುಳಿಯಲ್ಲಿ ಒಂದಿಷ್ಟು ತೇವವಿದ್ದರೂ ಫಿಲ್ಮು ಮುಂದೆ ಜಾರುವುದಿಲ್ಲ, ಬಿಸಿಲಿಗಿಟ್ಟು ಒಣಗಿಸಬೇಕು. ಅಂಚಿನ ತೂತುಗಳಿಂದ ಹೊರಟ ಗೆರೆಗಳು ಮಾತ್ರ ಅವಳ ಉತ್ಸಾಹದ ಫಲ, ಡಬ್ಬಿಯನ್ನು ಮಜ್ಜಿಗೆ ಕಡೆದ ಹಾಗೆ ಅಲ್ಲಾಡಿಸಿದ್ದಳು. ಮೊದಲ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ, ಆಮೇಲೆ ನಿಮಿಷಕ್ಕೆ ನಾಲ್ಕು ಸಲ ನಿಧಾನವಾಗಿ ತಲೆಕೆಳಗು ಮಾಡಿದರೆ ಸಾಕು.

ನನ್ನ ಕಾಲದಲ್ಲಿ ಬಿಸಿ ದ್ರಾವಣದಿಂದ ತೆಗೆದು ತಣ್ಣೀರಿಗೆ ಹಾಕಿದರೆ ಅಂಟು ಸುಕ್ಕುಗಟ್ಟಿ ಬತ್ತಿದ ಕೆರೆಯ ಕೆಸರಿನಂತೆ ಬಲೆ ಬೀಳುತ್ತಿತ್ತು. ಈಗಿನ ಫಿಲ್ಮು ಗಟ್ಟಿ ಜೀವ, ನನ್ನ ಕೊರೆಯುವ ಹೈಪೊವನ್ನೂ ತಡೆದುಕೊಂಡಿತು.

ಒಣಗಿದ ಮೇಲೆ ಬಿಳಿ ನೀರಿನ ಕಲೆಗಳು ಕಂಡವು. ನಮ್ಮದು ಬೋರ್‌ವೆಲ್ ನೀರು, ಸುಣ್ಣ ಹೆಚ್ಚು. ಕೊನೆಯ ಜಾಲಿಸುವಿಕೆಗೆ ಬ್ಯಾಟರಿಗೆ ಹಾಕುವ ಶುದ್ಧ ನೀರು ತಂದು, ಪಾತ್ರೆ ತೊಳೆಯುವ ಸೋಪಿನ ಒಂದೇ ಒಂದು ಹನಿ ಬೆರೆಸಿ, ಮತ್ತೆ ಅದ್ದಿ ಬಚ್ಚಲುಮನೆಯಲ್ಲೇ ಬಟ್ಟೆಯ ಕ್ಲಿಪ್ಪಿನಿಂದ ತೂಗುಹಾಕಿದೆವು. ಫ್ಯಾನು ಹಾಕಬಾರದು, ಬೇಗ ಒಣಗುತ್ತದೆ ನಿಜ, ಮನೆಯ ಧೂಳೆಲ್ಲ ಅಕ್ಕನ ಮುಖದ ಮೇಲೆ ಕೂತಿರುತ್ತದೆ. ಬಳಸಿದ ಹೈಪೊದಲ್ಲಿ ಬೆಳ್ಳಿ ಇರುತ್ತದೆ, ಗಿಡಕ್ಕೂ ಬಾವಿಗೂ ಸುರಿಯುವಂತಿಲ್ಲ. ನಮ್ಮದು ಹೆಸರು ಬರೆದ ಕ್ಯಾನಿನಲ್ಲಿ ಕೂತಿದೆ, ಫಿಲ್ಮು ತೊಳೆಯುವ ಬೆಂಗಳೂರಿನ ಲ್ಯಾಬಿಗೆ ಕೊಡಬೇಕು.

ಪ್ರಿಂಟ್ ಹಾಕಲು ಸಾಮಾನಿರಲಿಲ್ಲ. ಟ್ಯಾಬ್ಲೆಟ್ಟಿನ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅದರ ಮೇಲೆ ಎರಡಂಗುಲ ಎತ್ತರದಲ್ಲಿ ನೆಗೆಟಿವ್ ಹಿಡಿದು, ಮೊಬೈಲಿನಲ್ಲಿ ಚಿತ್ರ ತೆಗೆದು ಕಪ್ಪನ್ನು ಬಿಳುಪು ಮಾಡಿದಳು. ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಹಳ್ಳಿಗೆ ಹೋದೆವು.

ಅಕ್ಕ ಫೋಟೊವನ್ನು ದೂರಕ್ಕೆ ಹಿಡಿದಳು, ಹತ್ತಿರಕ್ಕೆ ಹಿಡಿದಳು. ಎಡಗೆನ್ನೆಯ ಮೇಲೆ ದುಂಡನೆಯ ಕಪ್ಪು ಚುಕ್ಕೆಯೊಂದಿತ್ತು. ಡೆವಲಪರ್ ಸುರಿದಾಗ ಗಾಳಿಯ ಗುಳ್ಳೆಯೊಂದು ಫಿಲ್ಮಿಗೆ ಅಂಟಿ ಕೂತಿದ್ದರೆ ಅಲ್ಲಿಗೆ ದ್ರಾವಣ ತಾಗುವುದಿಲ್ಲ; ನೆಗೆಟಿವಿನಲ್ಲಿ ಖಾಲಿ ಚುಕ್ಕೆ, ಪ್ರಿಂಟಿನಲ್ಲಿ ಕಪ್ಪು ಚುಕ್ಕೆ. ಡಬ್ಬಿಯ ತಳವನ್ನು ಎರಡು ಸಲ ಕಲ್ಲಿಗೆ ಕುಟ್ಟಿದ್ದರೆ ಗುಳ್ಳೆ ಬಿಡುತ್ತಿತ್ತು. ಮೊಮ್ಮಗಳು ಇದನ್ನೆಲ್ಲ ವಿವರಿಸಿ ಕ್ಷಮಿಸಿ ಎನ್ನಲು ಹೊರಟಳು. ಅಕ್ಕ ಬಾಯ್ತುಂಬ ನಕ್ಕು, "ಇರಲಿ ಬಿಡೇ ಪುಟ್ಟಿ. ಈ ವಯಸ್ಸಿಗೆ ನನಗೂ ದೃಷ್ಟಿಬೊಟ್ಟು ಇಟ್ಟೆಯಲ್ಲ" ಎಂದಳು.

ಅವಳು ನಗುತ್ತಿದ್ದಾಗಲೇ ಹೇಳಿಬಿಟ್ಟೆ. ತಿಪ್ಪೆಗೆ ಎಸೆದದ್ದು, ಪುಸ್ತಕದ ಆ ಸಾಲು, ಇಷ್ಟು ವರ್ಷ ಬಾಯಿ ಬಿಡದೆ ಇದ್ದದ್ದು, ಎಲ್ಲ. ಅಕ್ಕ ಸ್ವಲ್ಪ ಹೊತ್ತು ಫೋಟೊವನ್ನೇ ಸೆರಗಿನಿಂದ ಒರೆಸುತ್ತ ಕೂತಳು.

"ಆವತ್ತು ಅಮ್ಮ ಯಾವ ಸೀರೆ ಉಟ್ಟಿದ್ದಳು, ಜ್ಞಾಪಕ ಇದೆಯೇನೋ ನಿನಗೆ?"

ಇರಲಿಲ್ಲ. ಬೆಳಕು ಎಷ್ಟಿತ್ತು, ಎಷ್ಟು ಅಡಿ ದೂರ ನಿಂತಿದ್ದೆ ಎಂಬುದೆಲ್ಲ ಇತ್ತು.

"ಅರಿಶಿನ ಬಣ್ಣದ್ದು, ಕೆಂಪು ಅಂಚು. ನಾನೇ ತಂದುಕೊಟ್ಟಿದ್ದೆ. ನಿನ್ನ ಫೋಟೊದಲ್ಲಿ ಅದು ಬರುತ್ತಲೇ ಇರಲಿಲ್ಲ" ಎಂದಳು. ಆಮೇಲೆ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, ಸೆರಗು ಎಷ್ಟು ಅಗಲ ಇತ್ತು, ತಲೆ ಬಾಚುವಾಗ ಅಮ್ಮ ಏನು ಹೇಳಿಕೊಂಡು ನಗುತ್ತಿದ್ದಳು ಎಂದು ಒಂದೊಂದಾಗಿ ಹೇಳತೊಡಗಿದಳು. ಮೊಮ್ಮಗಳು ನೋಟ್‌ಬುಕ್ಕು ತೆಗೆದು, ಡೆವಲಪರಿನ ಲೆಕ್ಕ ಬರೆದಿದ್ದ ಪುಟದ ಎದುರಿನ ಪುಟದಲ್ಲಿ ಬರೆದುಕೊಳ್ಳುತ್ತಿದ್ದಳು.